ವಯಸ್ಸಿನ ಪುರಾವೆ ಮತ್ತು ಹೊರನಾಡಿನಿಂದ ಬಂದವರು

ಬ್ರಿಟನ್ನಿನ ಸಂಸತ್ತು 2023ರಲ್ಲಿ ಅಂಗೀಕರಿಸಿದ ಆನ್‌ಲೈನ್ ಸುರಕ್ಷತಾ ಕಾಯ್ದೆಯ ಪ್ರಕಾರ, ಅಶ್ಲೀಲ ದೃಶ್ಯಗಳಿಗೆ ಎಡೆಗೊಡುವ ಜಾಲತಾಣಗಳು ತಮ್ಮ ಬಳಕೆದಾರರಿಗೆ 18 ವರ್ಷ ತುಂಬಿದೆಯೇ ಎಂಬುದನ್ನು ನಂಬಲರ್ಹ ವಿಧಾನದಿಂದ ಪರೀಕ್ಷಿಸಬೇಕೆಂಬ ನಿಯಮ 2025ರ ಜುಲೈ 25ರಂದು ಜಾರಿಗೆ ಬಂದಿತು. ಮೇಲ್ವಿಚಾರಣೆಯ ಹೊಣೆ ಆಫ್‌ಕಾಮ್ ಎಂಬ ಸಂಪರ್ಕ ನಿಯಂತ್ರಣ ಸಂಸ್ಥೆಯದು. ತಪ್ಪಿದ ಕಂಪನಿಗೆ 1.8 ಕೋಟಿ ಪೌಂಡ್ ಅಥವಾ ಜಾಗತಿಕ ಆದಾಯದ ಶೇ. 10, ಇವೆರಡರಲ್ಲಿ ಹೆಚ್ಚಿನದರವರೆಗೆ ದಂಡ ವಿಧಿಸಬಹುದಾದ್ದರಿಂದ, ಅಮೆರಿಕದಲ್ಲಿ ನೆಲೆಸಿದ ಕಂಪನಿಗಳೂ ಇದನ್ನು ಕಡೆಗಣಿಸುವುದು ಸುಲಭವಲ್ಲ.

ಬಳಕೆದಾರ ಬ್ರಿಟನ್ನಿನಲ್ಲಿದ್ದಾನೆಂದು ಜಾಲತಾಣಗಳು ಸಾಮಾನ್ಯವಾಗಿ ಅರಿಯುವುದು ಐಪಿ ವಿಳಾಸದಿಂದ, ಅಂದರೆ ಅಂತರಜಾಲಕ್ಕೆ ಸೇರಿದ ಸಂಪರ್ಕಕ್ಕೆ ಸೇವಾ ಕಂಪನಿ ನೀಡುವ ಸಂಖ್ಯೆಯಿಂದ. ಈ ಸಂಖ್ಯೆಗೆ ಪೌರತ್ವದ ಅರಿವಿಲ್ಲ. ಮಗಳ ಮನೆಯಲ್ಲಿ ಕೆಲವು ತಿಂಗಳು ಇರಲೆಂದು ಮೈಸೂರಿನಿಂದ ಲೀಡ್ಸ್‌ಗೆ ಬಂದ ತಾಯಿ ಆ ಮನೆಯ ವೈಫೈ ಬಳಸಿದರೆ ಆಕೆ ಬ್ರಿಟಿಷ್ ಬಳಕೆದಾರಳು. ಅದೇ ಫೋನಿನಲ್ಲಿ ಭಾರತದ ಸಿಮ್‌ನ ರೋಮಿಂಗ್ ಬಳಸಿದರೆ, ಮಾಹಿತಿ ಬಹುಮಟ್ಟಿಗೆ ತವರಿನ ಕಂಪನಿಯ ಜಾಲದ ಮೂಲಕವೇ ಹಾದುಹೋಗುವುದರಿಂದ, ಆಕೆ ಭಾರತದಲ್ಲಿದ್ದಂತೆಯೇ ಕಾಣುತ್ತಾಳೆ. ಕೂತ ಕುರ್ಚಿ ಮಾತ್ರ ಬದಲಾಗಿರುವುದಿಲ್ಲ.

ಆಫ್‌ಕಾಮ್ ಒಪ್ಪಿರುವ ವಿಧಾನಗಳಲ್ಲಿ ಗುರುತಿನ ಚೀಟಿಯನ್ನು ಮುಖದೊಡನೆ ಹೋಲಿಸುವುದು, ಮುಖದ ಚಿತ್ರದಿಂದ ವಯಸ್ಸನ್ನು ಅಂದಾಜಿಸುವುದು, ಕ್ರೆಡಿಟ್ ಕಾರ್ಡ್, ಬ್ಯಾಂಕ್ ಅಥವಾ ಮೊಬೈಲ್ ಕಂಪನಿಯಿಂದ ಖಾತರಿ ಪಡೆಯುವುದು ಸೇರಿವೆ. ಬರ್ಮಿಂಗ್‌ಹ್ಯಾಮಿನಲ್ಲಿ ವರ್ಷಗಳಿಂದ ನೆಲೆಸಿದವರಿಗೆ ಬ್ಯಾಂಕಿನ ಅಥವಾ ಮೊಬೈಲ್ ಕಂಪನಿಯ ಖಾತರಿ ಸಾಕಾಗಬಹುದು. ಅಲ್ಲಿ ಖಾತೆಯೇ ಇಲ್ಲದ ಅತಿಥಿಗೆ ಹೆಚ್ಚಾಗಿ ಉಳಿಯುವುದು ಮುಖ ಮತ್ತು ಪಾಸ್‌ಪೋರ್ಟ್, ಅಂದರೆ ಒಮ್ಮೆ ಸೋರಿದರೆ ಗುಪ್ತಪದದಂತೆ ಬದಲಿಸಲಾಗದ ಗುರುತುಗಳು. ಈ ಅಂಜಿಕೆ ಬರಿಯ ಊಹೆಯಲ್ಲ: ಹೊರಗುತ್ತಿಗೆಯ ಸೇವಾ ಸಂಸ್ಥೆಯೊಂದರ ಮೂಲಕ ಜಗತ್ತಿನಾದ್ಯಂತ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಗಳ ಚಿತ್ರಗಳು ಬಯಲಾಗಿರಬಹುದೆಂದು ಸಂದೇಶ ಸೇವೆಯ ಡಿಸ್ಕಾರ್ಡ್ ಕಂಪನಿ 2025ರ ಅಕ್ಟೋಬರಿನಲ್ಲಿ ಒಪ್ಪಿಕೊಂಡಿತು. ಬ್ರಿಟನ್ನಿನ ದತ್ತಾಂಶ ರಕ್ಷಣಾ ಕಾನೂನು ರಾಷ್ಟ್ರೀಯತೆ ನೋಡದೆ ಎಲ್ಲರಿಗೂ ಅನ್ವಯಿಸುತ್ತದೆಂಬುದು ನಿಜ; ಆದರೆ ಸೋರಿದ ಮೇಲೆ ದೊರೆಯುವ ಪರಿಹಾರ ಸೋರದಂತೆ ತಡೆದುದಕ್ಕೆ ಸಮವಲ್ಲ.

ಹೀಗಾಗಿ ಹಲವರು ವಿಪಿಎನ್‌ಗೆ, ಅಂದರೆ ಸಂಪರ್ಕವನ್ನು ಗೂಢಲಿಪಿಯಲ್ಲಿ ಬೇರೊಂದು ಗಣಕದ ಮೂಲಕ ಹಾಯಿಸಿ ಮೂಲ ವಿಳಾಸವನ್ನು ಮರೆಸುವ ಸೇವೆಗೆ, ಮೊರೆಹೋದರು. ನಿಯಮ ಜಾರಿಯಾದ ದಿನ ಬ್ರಿಟನ್ನಿನಿಂದ ತನಗಾದ ನೋಂದಣಿ ಶೇ. 1,400ಕ್ಕೂ ಮಿಗಿಲಾಗಿ ಏರಿತೆಂದು ವಿಪಿಎನ್ ಸೇವೆ ನೀಡುವ ಪ್ರೋಟಾನ್ ಕಂಪನಿ ಹೇಳಿತು. ಮ್ಯಾಂಚೆಸ್ಟರಿನ ಕನ್ನಡಿಗರಿಗೆ ಭಾರತದ ವಿಳಾಸವನ್ನು ಆರಿಸಿಕೊಳ್ಳುವುದು ಸಹಜವೆನಿಸಬಹುದಾದರೂ, ವಿಪಿಎನ್ ಕಂಪನಿಗಳು ಗ್ರಾಹಕರ ವಿವರಗಳನ್ನು 5 ವರ್ಷ ಕಾಪಿಡಬೇಕೆಂದು ಭಾರತದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಆದೇಶಿಸಿದಾಗ ಪ್ರೋಟಾನ್, ಎಕ್ಸ್‌ಪ್ರೆಸ್ ವಿಪಿಎನ್ ಮೊದಲಾದವು ತಮ್ಮ ಗಣಕಗಳನ್ನು ಭಾರತದಿಂದ ತೆರವುಗೊಳಿಸಿದ್ದವು. ಆಗ ಎಕ್ಸ್‌ಪ್ರೆಸ್ ವಿಪಿಎನ್ ತನ್ನ ಭಾರತೀಯ ವಿಳಾಸಗಳನ್ನು ಒದಗಿಸುವ ಗಣಕಗಳನ್ನು ಇರಿಸಿದ್ದು ಸಿಂಗಪುರದಲ್ಲಿ ಮತ್ತು ಬ್ರಿಟನ್ನಿನಲ್ಲೇ.