ಟಲೂನ್ ಹಡಗು ಹೋದ ದಾರಿ

(ಆಕ್ಲೆಂಡಿನಲ್ಲಿ, ಕೂಟದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಡಾಕ್ಟರನ್ನು ವೇದಿಕೆಗೆ ಕರೆದರೆ ಸಕ್ಕರೆ ಕಾಯಿಲೆ, ಬಿ.ಪಿ. ಬಗ್ಗೆ ನಾಲ್ಕು ಮಾತು ಹೇಳಿ ಕೆಳಗಿಳಿಯುವುದು ವಾಡಿಕೆ. ಹೋಳಿಗೆ ಊಟಕ್ಕೆ ಮುಂಚೆ ಆ ಮಾತು ಯಾರಿಗೂ ರುಚಿಸದೆಂದು ನಮಗೂ ಗೊತ್ತು. ಆದ್ದರಿಂದ ಇಂದು ಬೇರೆ ಊರಿನ ಕಥೆಯೊಂದನ್ನು ಹೇಳುತ್ತೇವೆ. ಬೇರೆ ಊರೆಂದರೂ ತೀರ ಪರಕೀಯವೇನಲ್ಲ. ನಾವು ಮನೆ ಮಾಡಿರುವ ಬೀದಿಗಳಲ್ಲೇ ಸಮೋವಾ ಜನರೂ ಇದ್ದಾರೆ. ಭಾನುವಾರ ಬೆಳಿಗ್ಗೆ ಬಿಳಿ ಬಟ್ಟೆ ತೊಟ್ಟು ಇಡೀ ಸಂಸಾರ ಚರ್ಚಿಗೆ ಹೊರಡುವುದನ್ನು ನೀವೆಲ್ಲ ನೋಡಿದ್ದೀರಿ. ಅವರ ಅಜ್ಜನೊಬ್ಬ ನಮ್ಮ ವಾರ್ಡಿಗೆ ಸೇರಿದರೆ ಹದಿನೈದು ಜನ ಮಂಚದ ಸುತ್ತ ನಿಂತಿರುತ್ತಾರೆ. ನರ್ಸುಗಳು ಗೊಣಗುತ್ತಾರೆ, ನಮಗೆ ಮಾತ್ರ ನಮ್ಮೂರಿನ ಜಿಲ್ಲಾಸ್ಪತ್ರೆಯ ನೆನಪಾಗುತ್ತದೆ.

ಸಮೋವಾ ಮೂಲತಃ ಒಂದೇ ಜನ, ಒಂದೇ ಭಾಷೆ. 1899ರಲ್ಲಿ ಜರ್ಮನಿ, ಬ್ರಿಟನ್ ಮತ್ತು ಅಮೆರಿಕ ಕೂತು ಒಪ್ಪಂದ ಮಾಡಿಕೊಂಡವು. ಪಶ್ಚಿಮದ ದೊಡ್ಡ ದ್ವೀಪಗಳು ಜರ್ಮನಿಗೆ, ಪೂರ್ವದ ಟುಟುಯಿಲಾ ಮತ್ತು ಅದರ ಒಳ್ಳೆಯ ಬಂದರು ಪಾಗೋ ಪಾಗೋ ಅಮೆರಿಕಕ್ಕೆ. ಬ್ರಿಟನ್ ಬೇರೆ ಕಡೆ ಪಾಲು ತೆಗೆದುಕೊಂಡಿತು. ಅಣ್ಣತಮ್ಮಂದಿರ ಜಮೀನನ್ನು ಊರಾಚೆಯ ಸಾಹುಕಾರರು ಹಂಚಿಕೊಂಡ ಹಾಗೆ. ಜರ್ಮನರಿಗೆ ಬೇಕಾಗಿದ್ದದ್ದು ಕೊಬ್ಬರಿ. ಗವರ್ನರ್ ಸೋಲ್ಫ್ ಅವರ ಕಾಲದಲ್ಲಿ ಪ್ರತಿ ವರ್ಷ ಇಷ್ಟು ತೆಂಗಿನ ಸಸಿ ನೆಡಲೇಬೇಕೆಂಬ ಆಜ್ಞೆಯಿತ್ತು. 1914ರ ಆಗಸ್ಟ್‌ನಲ್ಲಿ ಮಹಾಯುದ್ಧ ಶುರುವಾದೊಡನೆ ನ್ಯೂಜಿಲೆಂಡಿನ ಸೈನ್ಯ ಹೋಗಿ ಗುಂಡು ಹಾರಿಸದೆ ಪಶ್ಚಿಮ ಸಮೋವಾವನ್ನು ವಶಪಡಿಸಿಕೊಂಡಿತು. ಕರ್ನಲ್ ರಾಬರ್ಟ್ ಲೋಗನ್ ಆಡಳಿತಾಧಿಕಾರಿಯಾದರು.

ಆಳುವವರು ಬದಲಾದರೂ ಹಳ್ಳಿಯ ಬದುಕು ತನ್ನ ಪಾಡಿಗೆ ನಡೆದಿತ್ತು. ಅವರ ಮನೆಗೆ ಫಾಲೆ ಎನ್ನುತ್ತಾರೆ. ಗೋಡೆಯಿಲ್ಲ, ಕಂಬಗಳ ಮೇಲೆ ದುಂಡನೆಯ ಹುಲ್ಲು ಚಾವಣಿ, ಮಳೆ ಬಂದರೆ ಇಳಿಬಿಡಲು ಹೆಣೆದ ತೆಂಗಿನ ಗರಿಯ ತೆರೆಗಳು. ದೊಡ್ಡ ಅವಿಭಕ್ತ ಕುಟುಂಬವೆಲ್ಲ ಒಟ್ಟಿಗೆ. ಕುಟುಂಬದ ಯಜಮಾನ ಮಟಾಯಿ. ಮಟಾಯಿಗಳೆಲ್ಲ ಸೇರಿದರೆ ಊರಿನ ಪಂಚಾಯಿತಿ. ಕೆಸುವಿನ ಗೆಡ್ಡೆ, ದೀವಿಹಲಸು, ಮೀನು ಇವೇ ಊಟ. ಕೆಸುವಿನ ಗೆಡ್ಡೆ ಎಂದಾಗ ಮಲೆನಾಡಿನವರ ಮುಖ ಅರಳಿದ್ದನ್ನು ಗಮನಿಸಿದ್ದೇವೆ! ಕಾಯಿಸಿದ ಕಲ್ಲುಗಳ ಮೇಲೆ ಎಲೆ ಮುಚ್ಚಿ ಬೇಯಿಸುತ್ತಾರೆ. ಈ ಊಟ ಯಾರಾದರೂ ದಿನವೂ ತೋಟಕ್ಕೆ, ಕಡಲಿಗೆ ಹೋಗಿ ತಂದರಷ್ಟೇ ಉಂಟು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

1918ರ ಅಕ್ಟೋಬರ್ 30ರಂದು ನಮ್ಮ ಇದೇ ಆಕ್ಲೆಂಡ್ ಬಂದರಿನಿಂದ ಟಲೂನ್ ಎಂಬ ಹಡಗು ಹೊರಟಿತು. ಊರಲ್ಲಿ ಆಗಲೇ ಇನ್‌ಫ್ಲುಯೆಂಜಾ ಹಬ್ಬಿತ್ತು. ಆದರೆ ಅದು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಇನ್ನೂ ಸೇರಿರಲಿಲ್ಲ. ಹೀಗಾಗಿ ಹಡಗಿಗೆ ಆರೋಗ್ಯದ ಪತ್ರ ಸಲೀಸಾಗಿ ಸಿಕ್ಕಿತು. ದಾರಿಯಲ್ಲಿ ಫಿಜಿಯಲ್ಲಿ ಅದಕ್ಕೆ ನಿರ್ಬಂಧ ಹಾಕಿದ್ದರು; ಆ ಸಂಗತಿ ಅಪಿಯಾದ ವೈದ್ಯಾಧಿಕಾರಿಗೆ ತಿಳಿಯಲಿಲ್ಲ. ನವೆಂಬರ್ 7ರಂದು ಕೆಮ್ಮುತ್ತಿದ್ದ ಪ್ರಯಾಣಿಕರು ದಡಕ್ಕಿಳಿದರು.

ಮುಂದಿನ ಕೆಲವೇ ವಾರಗಳಲ್ಲಿ ಸುಮಾರು 38,000 ಜನರಿದ್ದ ನಾಡಿನಲ್ಲಿ ಸುಮಾರು 8,500 ಜನ ಸತ್ತರು. ಐದರಲ್ಲಿ ಒಬ್ಬರಿಗಿಂತಲೂ ಹೆಚ್ಚು. ವೈಮೋಸೋ ಹಳ್ಳಿಯಲ್ಲಿ ಉದ್ದನೆಯ ಗುಂಡಿ ತೋಡಿ ಹೆಣಗಳನ್ನು ಸಾಲಾಗಿ ಹೂತರು. ಎಲ್ಲರೂ ವೈರಸ್ಸಿನಿಂದಲೇ ಸತ್ತರೆಂದು ವೈದ್ಯರಾದ ನಾವು ಹೇಳಲಾರೆವು. ಇಡೀ ಮನೆ ಒಂದೇ ದಿನ ಹಾಸಿಗೆ ಹಿಡಿದರೆ ತೋಟಕ್ಕೆ ಹೋಗುವವರು ಯಾರು? ಒಲೆ ಹಚ್ಚುವವರು, ಒಂದು ಲೋಟ ನೀರು ಕೊಡುವವರು ಯಾರು? ಚೇತರಿಸಿಕೊಳ್ಳಬಹುದಾಗಿದ್ದವರೂ ಆರೈಕೆಯಿಲ್ಲದೆ ಹೋದರು.

ಈಗ ಟುಟುಯಿಲಾ ಕಡೆ ನೋಡೋಣ. ಅಪಿಯಾದಿಂದ ಪಾಗೋ ಪಾಗೋಗೆ ಸುಮಾರು 130 ಕಿಲೋಮೀಟರು, ಬೆಂಗಳೂರಿನಿಂದ ಮೈಸೂರಿನಷ್ಟೂ ಇಲ್ಲ. ಅಲ್ಲಿ ಗವರ್ನರ್ ಆಗಿದ್ದವರು ಅಮೆರಿಕದ ನೌಕಾಪಡೆಯ ಜಾನ್ ಪೋಯರ್. ರೋಗದ ಸುದ್ದಿ ಬಂದೊಡನೆ ಅವರು ಬರುವ ಹಡಗುಗಳಿಗೆ ಕಟ್ಟುನಿಟ್ಟಿನ ಕ್ವಾರಂಟೈನ್ ಹಾಕಿದರು. ಆದರೆ ನೌಕಾಪಡೆಯ ಆಜ್ಞೆಯೊಂದರಿಂದಲೇ ಅಷ್ಟುದ್ದ ಕಡಲತೀರ ಕಾಯಲಾಗದು. ರಾತ್ರಿ ನೆಂಟರ ದೋಣಿ ಎಲ್ಲಿ ಬೇಕಾದರೂ ದಡ ಸೇರಬಹುದು. ಹಳ್ಳಿಗಳ ಮಟಾಯಿಗಳು ಒಪ್ಪಿ, ಊರಿನ ಜನ ಸರದಿಯ ಮೇಲೆ ದಡ ಕಾದರು. ಬಂದವರು ಸ್ವಂತ ರಕ್ತಸಂಬಂಧಿಗಳಾಗಿದ್ದರೂ ಹಿಂದಕ್ಕೆ ಕಳಿಸಬೇಕಾಗಿತ್ತು. ಅಮೆರಿಕನ್ ಸಮೋವಾದಲ್ಲಿ ಆ ರೋಗದಿಂದ ಒಬ್ಬರೂ ಸಾಯಲಿಲ್ಲ.

ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ. 1898ರಲ್ಲಿ ಮೈಸೂರು ಸೀಮೆಗೆ ಪ್ಲೇಗು ಬಂದಾಗಿನಿಂದ, ಇಲಿ ಬಿತ್ತೆಂದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ. ಎಂ.ಬಿ.ಬಿ.ಎಸ್.ನಲ್ಲಿ ನಾವು ಉರುಹೊಡೆದ ಪಾಠ ಅವರಿಗೆ ಪರೀಕ್ಷೆಯಿಲ್ಲದೆ ಗೊತ್ತಿತ್ತು.

ಪೋಯರ್ ಅವರು ಅಪಿಯಾಕ್ಕೆ ತಂತಿ ಕಳಿಸಿ, ವೈದ್ಯಕೀಯ ನೆರವು ಬೇಕೆ ಎಂದು ಕೇಳಿದರು. ಲೋಗನ್ ಉತ್ತರ ಕೊಡಲಿಲ್ಲ. ಅಪಿಯಾದಿಂದ ಹೋದ ಟಪಾಲು ದೋಣಿಗೂ ಪಾಗೋ ಪಾಗೋದಲ್ಲಿ ಕ್ವಾರಂಟೈನ್ ಹಾಕಿದ್ದಾರೆಂದು ಮುನಿಸಿಕೊಂಡು ತಂತಿ ಸಂಪರ್ಕವನ್ನೇ ನಿಲ್ಲಿಸಿದರು. ಅಜ್ಞಾನವನ್ನು ಕ್ಷಮಿಸಬಹುದು, ಈ ಸಿಟ್ಟನ್ನು ಮಾತ್ರ ನಮಗೆ ಕ್ಷಮಿಸಲಾಗುತ್ತಿಲ್ಲ. 1919ರ ವಿಚಾರಣಾ ಆಯೋಗ ಆಡಳಿತದ ಲೋಪಗಳನ್ನು ದಾಖಲಿಸಿತು. ಜನ ಮರೆಯಲಿಲ್ಲ. ಮುಂದೆ ಸ್ವರಾಜ್ಯಕ್ಕಾಗಿ ಎದ್ದ ಮಾವ್ ಚಳವಳಿಯ ಹಿಂದೆ ಈ ನೋವೂ ಇತ್ತು. 1929ರ ಡಿಸೆಂಬರ್ 28ರಂದು ಅಪಿಯಾದಲ್ಲಿ ಶಾಂತಿಯುತ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಮುಖಂಡ ಟುಪುವಾ ಟಮಸೆಸೆ ಲೆಯಲೋಫಿ ಗಾಯಗೊಂಡು ಮಾರನೆಯ ದಿನ ತೀರಿಕೊಂಡರು. 1962ರಲ್ಲಿ ಸ್ವಾತಂತ್ರ್ಯ ಬಂತು. ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಅಪಿಯಾಕ್ಕೆ ಹೋಗಿ ಕ್ಷಮೆ ಕೇಳಿದ್ದು 2002ರಲ್ಲಿ.

ಕಥೆ ಅಲ್ಲಿಗೆ ಮುಗಿದಿದ್ದರೆ ನಾವು ಈ ವಿಷಯ ಎತ್ತುತ್ತಿರಲಿಲ್ಲ. 2018ರಲ್ಲಿ ಸಮೋವಾದಲ್ಲಿ ದಡಾರದ ಲಸಿಕೆಗೆ ನೀರಿನ ಬದಲು ತಪ್ಪಾಗಿ ಬೇರೆ ಔಷಧ ಬೆರೆಸಿ ಇಬ್ಬರು ಕೂಸುಗಳು ತೀರಿಕೊಂಡವು. ಹೆದರಿದ ತಾಯಂದಿರು ಲಸಿಕೆ ಹಾಕಿಸುವುದನ್ನೇ ಬಿಟ್ಟರು. 2019ರಲ್ಲಿ ನಮ್ಮ ಆಕ್ಲೆಂಡಿನಲ್ಲಿ ದಡಾರ ಹಬ್ಬಿತು. ಇಲ್ಲಿಂದಲೇ ಅಲ್ಲಿಗೂ ಹೋಯಿತು, ಈ ಸಲ ವಿಮಾನದಲ್ಲಿ. 83 ಜನ ಸತ್ತರು, ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಡಿಸೆಂಬರ್‌ನಲ್ಲಿ ಸರ್ಕಾರ ಎರಡು ದಿನ ಇಡೀ ದೇಶವನ್ನು ಮುಚ್ಚಿ, ಲಸಿಕೆಯಾಗದವರಿರುವ ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಲು ಹೇಳಿತು. ನರ್ಸುಗಳು ಆ ಬಟ್ಟೆ ನೋಡಿಕೊಂಡು ಮನೆಮನೆಗೆ ಹೋದರು.

ಈಗ ಡಾಕ್ಟರರ ಚಾಳಿ ಸ್ವಲ್ಪ ತೋರಿಸುತ್ತೇವೆ, ಮನ್ನಿಸಿ. ನಮ್ಮ ವಯಸ್ಸಿನವರಲ್ಲಿ ಅನೇಕರಿಗೆ ಊರಿನಲ್ಲಿ ದಡಾರದ ಚುಚ್ಚುಮದ್ದೇ ಆಗಿರಲಿಕ್ಕಿಲ್ಲ. ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದದ್ದೇ 1985ರಲ್ಲಿ. ಆಮೇಲೆ ಹುಟ್ಟಿದವರಲ್ಲೂ ಬಹಳ ಮಂದಿಗೆ ಒಂದೇ ಡೋಸು. ಡಿಸೆಂಬರ್ ರಜೆಗೆ ಬೆಂಗಳೂರಿಗೆ ಟಿಕೆಟ್ ತೆಗೆಸುವಾಗ ನಿಮ್ಮ ಕುಟುಂಬ ವೈದ್ಯರ ಹತ್ತಿರ ಎಂ.ಎಂ.ಆರ್. ಎರಡು ಡೋಸು ಆಗಿದೆಯೇ ಎಂದು ಒಮ್ಮೆ ವಿಚಾರಿಸಿ. ಅಮ್ಮ ಹೇಳಿದ ನೆನಪಿದೆ ಎನ್ನುವುದು ದಾಖಲೆಯಲ್ಲ. ಅನುಮಾನವಿದ್ದವರು ಊಟವಾದ ಮೇಲೆ ನಮ್ಮನ್ನು ಹಿಡಿಯಿರಿ, ಬಾಗಿಲ ಹತ್ತಿರದ ಮೇಜಿನಲ್ಲೇ ಕೂತಿರುತ್ತೇವೆ.

ಮಕ್ಕಳು ಕೋಲಾಟಕ್ಕೆ ಗೆಜ್ಜೆ ಕಟ್ಟಿ ಕಾಯುತ್ತಿದ್ದಾರೆ.