ಎರೆ ಭೂಮಿಯ ದಾರಿಗೆ ಸುಣ್ಣ

(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ ಇಪ್ಪತ್ತೈದು ವರ್ಷದ ಏಳಿಗೆಯ ಬಗ್ಗೆ ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ನಮ್ಮ ಗೋದಾಮಿನಿಂದ ಹೊಲಗಳಿಗೆ ಹೋಗುವ ದಾರಿಯ ಬಗ್ಗೆ ಮಾತಾಡುತ್ತೇನೆ. ಗೋದಾಮಿನಾಗ ಗೊಬ್ಬರ ಇದ್ದರೂ ಮಳೆಗಾಲದಾಗ ಅದು ಹೊಲ ಮುಟ್ಟಂಗಿಲ್ಲ. ಹೊಲದಾಗ ಹೆಸರು ಒಣಗಿ ನಿಂತರೂ ಚಕ್ಕಡಿ ಹೊರಗೆ ಬರಂಗಿಲ್ಲ. ಇದು ನಿಮಗೆಲ್ಲ ಗೊತ್ತಿದ್ದದ್ದೇ.

ಎರಡು ವರ್ಷದ ಹಿಂದೆ ನಾವೆಲ್ಲ ಪಟ್ಟಿ ಹಾಕಿ ಇಪ್ಪತ್ತು ಟ್ರ್ಯಾಕ್ಟರ್ ಗರಸು ತರಿಸಿ ಹಾಕಿದೆವು. ದೀಪಾವಳಿ ಹೊತ್ತಿಗೆ ಅದರ ಗುರುತೇ ಇರಲಿಲ್ಲ. ಗರಸು ಕಡಿಮೆ ಹಾಕಿದಾರ ಅಂತ ಕೆಲವರು ಅಂದರು, ನಾನೂ ಅಂದೆ. ಆಮೇಲೆ ಒಂದಿನ ಸಲಿಕೆ ತಗೊಂಡು ಅಗೆದು ನೋಡಿದೆ. ಒಂದು ಅಡಿ ಕೆಳಗ ನಮ್ಮ ಗರಸು ರಾಡಿಯೊಳಗ ಕಲಸಿಕೊಂಡು ಕೂತಿತ್ತು. ಕದ್ದವರು ಯಾರೂ ಅಲ್ಲ, ಎರೆ ಮಣ್ಣೇ ನುಂಗಿತ್ತು.

ಎರೆ ಮಣ್ಣಿನ ಗುಣವೇ ಹಾಗೆ. ಅದರ ಜೇಡಿ ಕಣಗಳು ಹಿಟ್ಟಿಗಿಂತ ನುಣುಪು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರುಕು, ಮಳೆಗಾಲದಲ್ಲಿ ಬೆಣ್ಣೆ. ಹಿಂಗಾರಿ ಜೋಳಕ್ಕೆ, ಕಡಲೆಗೆ ಈ ಗುಣವೇ ವರ, ಹಸಿ ಹಿಡಿದಿಟ್ಟುಕೊಳ್ಳುತ್ತದೆ. ದಾರಿಗೆ ಅದೇ ಶಾಪ. ಗಾಲಿ ಭಾರ ಬಿದ್ದ ಕೂಡಲೆ ಗರಸು ಕೆಳಗೆ ಇಳಿಯುತ್ತದೆ, ರಾಡಿ ಮೇಲೆ ಏಳುತ್ತದೆ.

ಜಲ್ಲಿ ರಸ್ತೆಗೆ ಮೆಕಾಡಮ್ ಅನ್ನುತ್ತಾರಲ್ಲ, ಅದು ಸ್ಕಾಟ್ಲೆಂಡಿನ ಜಾನ್ ಮೆಕಾಡಮ್ ಅವರ ಹೆಸರು. ಇನ್ನೂರು ವರ್ಷದ ಹಿಂದೆ ಅವರು ಹೇಳಿದ್ದು ಇಷ್ಟೇ: ಭಾರ ಹೊರುವುದು ಕೆಳಗಿನ ನೆಲ, ಆ ನೆಲ ಒಣಗಿದ್ದರೆ ಮಾತ್ರ ಹೊರುತ್ತದೆ, ಮೇಲಿನ ಕಲ್ಲು ಅದಕ್ಕೆ ಸೂರು ಇದ್ದಂತೆ. ನಾವು ಸೂರು ಹಾಕಿದೆವು, ಗೋಡೆ ತೊಯ್ಯುವುದನ್ನು ಬಿಡಿಸಲಿಲ್ಲ.

ಅದಕ್ಕೆ ಮೊದಲು ನೀರಿನ ಮಾತು. ನಮ್ಮ ಅಜ್ಜಂದಿರ ಕಾಲದಲ್ಲಿ ಈ ದಾರಿಯ ಎರಡೂ ಕಡೆ ಕಾಲುವೆ ಇತ್ತು. ಈಗ ಎಲ್ಲಿದೆ? ವರ್ಷಕ್ಕೆ ಒಂದು ಗೇಣು ರಂಟೆ ಹೊಡೆದು ನಾವೇ ಹೊಲಕ್ಕೆ ಸೇರಿಸಿಕೊಂಡೆವು. ಬ್ಯಾರೆಯವರ ಹೆಸರು ಯಾಕ, ನನ್ನ ಹೊಲದ ಬದಿಯ ಕಾಲುವೆ ಮುಚ್ಚಿದವ ನಾನೇ. ಅದರಿಂದ ನನಗೆ ಸಿಕ್ಕಿದ್ದು ಎರಡು ಸಾಲು ಜೋಳ. ಹೊಲದ ನೀರೆಲ್ಲ ದಾರಿಗೆ ಬಂತು, ದಾರಿಯೇ ಹಳ್ಳ ಆಯಿತು. ಕಾಲುವೆಯ ತಳ ದಾರಿಯ ಅಂಚಿಗಿಂತ ಒಂದೂವರೆ ಅಡಿಯಾದರೂ ಕೆಳಗಿರಬೇಕು. ಹತ್ತು ಅಡಿ ಅಗಲದ ದಾರಿಗೆ ನಡುವೆ ನಾಲ್ಕು ಬೆರಳು ಎತ್ತರ ಕೊಟ್ಟು ಆಮೆಯ ಬೆನ್ನಿನಂತೆ ಮಾಡಬೇಕು. ಇದು ಆಗದಿದ್ದರೆ ಮುಂದಿನದು ಯಾವುದೂ ಬೇಡ.

ಇನ್ನು ಸುಣ್ಣ. ಎರೆ ಮಣ್ಣಿಗೆ ಸುಣ್ಣ ಬೆರೆಸಿ ಗಟ್ಟಿ ಮಾಡುವ ಪದ್ಧತಿ ಹೊಸದಲ್ಲ, ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೆ ನಿಯಮವನ್ನೇ ಬರೆದಿದೆ. ಮನೆಯಲ್ಲೇ ಪರೀಕ್ಷೆ ಮಾಡಿ ನೋಡ್ರಿ. ಒಂದು ಬೋಗುಣಿಯಲ್ಲಿ ಬರೀ ಎರೆ ಮಣ್ಣು ಕಲಸಿ ಅಂಗೈಯಲ್ಲಿ ಹೊಸೆದರೆ ಶಾವಿಗೆಯಂಗ ಎಳಿ ಬರತೈತಿ. ಇನ್ನೊಂದರಲ್ಲಿ ಸುಣ್ಣ ಬೆರೆಸಿ ಒಂದು ರಾತ್ರಿ ಇಟ್ಟು ಹೊಸೆಯಿರಿ, ಉದುರಿ ಬೀಳತೈತಿ. ಸುಣ್ಣ ಜೇಡಿ ಕಣಗಳನ್ನು ಕೂಡಿಸಿ ಕಾಳು ಕಟ್ಟುತ್ತದೆ, ನೀರು ಕುಡಿಯುವ ಚಟ ತಗ್ಗುತ್ತದೆ. ಆಮೇಲೆ ಹಳೇ ಮನೆಯ ಗಚ್ಚಿನಂತೆ ನಿಧಾನ ಬಿಗಿಯುತ್ತದೆ.

ಮಾಡುವುದು ಬೇಸಿಗೆಯಲ್ಲೇ. ದಾರಿಯನ್ನು ಅರ್ಧ ಅಡಿ ಆಳ ಕಲ್ಟಿವೇಟರ್ ಹೊಡೆದು, ರೋಟಾವೇಟರಿನಿಂದ ಹೆಂಟೆ ಪುಡಿ ಮಾಡಬೇಕು. ಹೆಂಟೆ ಉಳಿದರೆ ಸುಣ್ಣ ಒಳಗೆ ಹೋಗದು, ಕೆಲಸ ಕೆಡುವುದು ಇಲ್ಲೇ. ಅರಳಿದ ಸುಣ್ಣ ಹರಡಿ, ಕಲಸಿ, ಮುಷ್ಟಿ ಹಿಡಿದರೆ ಉಂಡೆ ನಿಲ್ಲುವಷ್ಟು ನೀರು ಚಿಮುಕಿಸಿ ಒಂದು ರಾತ್ರಿ ಬಿಡಬೇಕು. ಮರುದಿನ ಮತ್ತೆ ಕಲಸಿ ರೋಲರ್ ಹೊಡೆಯಬೇಕು. ಏಳು ದಿನ ಒಣಗದಂತೆ ನೀರು ಚಿಮುಕಿಸುತ್ತಿರಬೇಕು, ಭಾರದ ಗಾಡಿ ಬಿಡಬಾರದು. ಅದರ ಮೇಲೆ ಗರಸು. ಗರಸಿನ ಹೊದಿಕೆ ಇಲ್ಲದೆ ಬರೀ ಸುಣ್ಣದ ಮಣ್ಣು ಗಾಲಿಗೆ ಸವೆದು ಹೋಗುತ್ತದೆ.

ಲೆಕ್ಕ ಕೇಳುತ್ತೀರಿ. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ಆಳ ಅಂದರೆ 45 ಘನಮೀಟರ್ ಮಣ್ಣು. ಘನಮೀಟರಿಗೆ ಒಂದೂವರೆ ಟನ್ ಹಿಡಿದರೆ 67 ಟನ್ ಚಿಲ್ಲರೆ. ನೂರಕ್ಕೆ 4ರಂತೆ ಸುಣ್ಣ 2.7 ಟನ್, 50 ಕಿಲೋದ 54 ಚೀಲ. ಸಾಮಾನ್ಯವಾಗಿ ನೂರಕ್ಕೆ 3ರಿಂದ 5 ಬೇಕಾಗುತ್ತದೆ, ಮಣ್ಣು ಪರೀಕ್ಷೆ ಮಾಡಿಸಿದರೆ ನಮಗೆಷ್ಟು ಅಂತ ತಿಳಿಯುತ್ತದೆ. ಮಣ್ಣಿನಲ್ಲಿ ಜಿಪ್ಸಂನಂಥ ಲವಣ ಹೆಚ್ಚಿದ್ದರೆ ಸುಣ್ಣ ಸೇರಿ ನೆಲ ಉಬ್ಬುತ್ತದೆ, ಅದಕ್ಕೂ ಪರೀಕ್ಷೆ ಬೇಕು. ತಿಪ್ಪೆ ಹತ್ತಿರದ ಕೊಳೆತ ಮಣ್ಣಿಗೆ, ಉಸುಕಿನ ಮಣ್ಣಿಗೆ ಸುಣ್ಣ ಹಿಡಿಯದು. ಗಾಳಿಗೆ ಬಿದ್ದು ಸತ್ತ ಹಳೇ ಸುಣ್ಣ ಅಗ್ಗ ಸಿಕ್ಕರೂ ಬೇಡ. ಹರಡುವವರು ಕಣ್ಣಿಗೆ ಕನ್ನಡಕ ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ. ಸುಣ್ಣ ಕಣ್ಣಿಗೆ ಬಿದ್ದರೆ ಆಟ ಅಲ್ಲ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತನಿಗೆ ಸಾಲ ಸಿಗಲಿ ಅಂತ. ನಾನು ಇವತ್ತು ನಿಮ್ಮಲ್ಲಿ ಕೇಳುವುದು ಸಾಲವಲ್ಲ, ಎರಡು ಸಾಲು ಜೋಳದ ಜಾಗ. ನನ್ನ ಹೊಲದ ಬದಿಯ ಕಾಲುವೆಯನ್ನು ಈ ಯುಗಾದಿಯೊಳಗೆ ನಾನೇ ತೆಗೆಸುತ್ತೇನೆ. ಉಳಿದವರು ಒಪ್ಪಿದರೆ ಗೋದಾಮಿನ ಮುಂದಿನ 100 ಮೀಟರ್ ಮೊದಲು ಮಾಡಿ, ಒಂದು ಮಳೆಗಾಲ ನೋಡೋಣ. ನಿಂತರೆ ಮುಂದಿನದು. ಒಪ್ಪುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ ಹೋಗಬೇಕಾಗಿ ವಿನಂತಿ.