ಸೈಟು ಅವರದ್ದು, ಬ್ರೌಸರ್ ಬದಲಿಸೋದು ಮಾತ್ರ ನಾವಾ?

"ಸಾರ್, ಇದು ಈ ಬ್ರೌಸರ್‌ನಲ್ಲಿ ಆಗಲ್ಲ. ಬೇರೆದರಲ್ಲಿ ಟ್ರೈ ಮಾಡಿ."

ಈ ಮಾತು ಕೇಳದೇ ಇರೋರು ನಿಮ್ಮಲ್ಲಿ ಯಾರಿದ್ದೀರಿ ಹೇಳಿ? ಪರೀಕ್ಷಾ ಶುಲ್ಕ ಕಟ್ಟೋಕೆ ಕೂತ ಹುಡುಗಿ ಕೇಳಿದ್ದಾಳೆ. ಅರ್ಜಿ ಹಾಕೋಕೆ ಸೈಬರ್ ಸೆಂಟರ್ ಬೆಂಚಿನ ಮೇಲೆ ಕಾದ ರೈತ ಕೇಳಿದ್ದಾನೆ. ಪಿಂಚಣಿ ವಿವರ ನೋಡೋಕೆ ಮೊಮ್ಮಗನನ್ನ ಕರೆದ ಅಜ್ಜ ಕೇಳಿದ್ದಾರೆ. ಹೆಸರು ತುಂಬಿ ಆಯ್ತು, ಆಧಾರ್ ಸಂಖ್ಯೆ ಹಾಕಿ ಆಯ್ತು, ಫೋಟೋ ಸೇರಿಸಿ ಆಯ್ತು. ಕೊನೆಗೆ ಸಬ್‌ಮಿಟ್ ಒತ್ತಿದರೆ ಚಕ್ರ ತಿರುಗುತ್ತೆ. ತಿರುಗುತ್ತಲೇ ಇರುತ್ತೆ. ಇತ್ತ ಗಡಿಯಾರ ನೋಡಿದರೆ ಕೊನೆಯ ದಿನಾಂಕ ಮುಗಿಯೋಕೆ ಇನ್ನು ಎರಡೇ ಗಂಟೆ!

ಇವತ್ತು ಮಾತಾಡ್ತಿರೋದು ರಾಜಕಾರಣಿಗಳ ಬಗ್ಗೆ ಅಲ್ಲ. ನಿಮ್ಮ ಮೊಬೈಲಿನಲ್ಲಿ, ನಿಮ್ಮ ಕಂಪ್ಯೂಟರ್‌ನಲ್ಲಿ ಕೂತಿರೋ ಬ್ರೌಸರ್ ಅನ್ನೋ ಪುಟ್ಟ ಪ್ರೋಗ್ರಾಂ ಬಗ್ಗೆ. ಇದರಲ್ಲೇನಿದೆ ಚರ್ಚೆ ಮಾಡೋಕೆ ಅಂತೀರಾ? ಇದೆ. ಸರ್ಕಾರಿ ಕಚೇರಿಯ ಕೌಂಟರ್ ಮುಚ್ಚಿ "ಎಲ್ಲ ಆನ್‌ಲೈನ್" ಅಂತ ಬೋರ್ಡ್ ಹಾಕಿದ ದಿನವೇ ಬ್ರೌಸರ್ ನಮ್ಮ ನಿಮ್ಮ ಕೌಂಟರ್ ಆಗಿಬಿಟ್ಟಿದೆ. ಆ ಕೌಂಟರ್ ತೆರೆಯದಿದ್ದರೆ ತಪ್ಪು ಯಾರದ್ದು? ಪ್ರಶ್ನೆ ಇಷ್ಟೇ.

ಮೊದಲು ಒಂದು ವಿಷಯ ತಿಳ್ಕೊಳ್ಳಿ. ಜಾಲತಾಣ ಅಂದರೆ ಒಂದು ಬರಹ, ಒಂದಷ್ಟು ಸೂಚನೆಗಳ ಪಟ್ಟಿ. ಇಲ್ಲಿ ಚಿತ್ರ ಬರಲಿ, ಇಲ್ಲಿ ಬಟನ್ ಬರಲಿ, ಒತ್ತಿದರೆ ಹೀಗಾಗಲಿ ಅಂತ ಬರೆದಿರ್ತಾರೆ. ಅದನ್ನ ಓದಿ ನಿಮ್ಮ ಪರದೆ ಮೇಲೆ ಮೂಡಿಸೋ ಕೆಲಸ ಬ್ರೌಸರ್‌ದು. ಆ ಕೆಲಸ ಮಾಡೋ ಒಳಗಿನ ಯಂತ್ರಕ್ಕೆ ಇಂಜಿನ್ ಅಂತಾರೆ. ನಮ್ಮ ಬಸ್ಸುಗಳನ್ನ ನೋಡಿ. ಬಣ್ಣ ಬೇರೆ, ಬಾಡಿ ಬೇರೆ, ಬೋರ್ಡ್ ಬೇರೆ. ಬಾನೆಟ್ ತೆಗೆದರೆ ಒಳಗೆ ಒಂದೇ ಕಂಪನಿ ಇಂಜಿನ್! ಬ್ರೌಸರ್ ಕಥೆನೂ ಹಾಗೇ. ಕ್ರೋಮ್, ಎಡ್ಜ್, ಒಪೆರಾ, ಬ್ರೇವ್, ಸ್ಯಾಮ್‌ಸಂಗ್ ಫೋನಿನಲ್ಲಿ ಬರೋ ಬ್ರೌಸರ್, ಇಷ್ಟಕ್ಕೂ ಒಳಗಿರೋದು ಗೂಗಲ್ ಮುಂದೆ ನಿಂತು ಬೆಳೆಸಿದ ಬ್ಲಿಂಕ್ ಅನ್ನೋ ಒಂದೇ ಇಂಜಿನ್. ಆಪಲ್‌ನ ಸಫಾರಿಯದ್ದು ವೆಬ್‌ಕಿಟ್. ಫೈರ್‌ಫಾಕ್ಸ್‌ನದ್ದು ಗೆಕ್ಕೊ. ಅಂಗಡಿಯಲ್ಲಿ ಹತ್ತು ಹೆಸರು ಇರಬಹುದು, ಇವತ್ತು ದೊಡ್ಡ ಇಂಜಿನ್ ಇರೋದು ಮೂರೇ.

ಈ ಮೂರೂ ಒಂದೇ ಥರ ಓದಬೇಕು ಅಂತಲೇ ನಿಯಮಗಳಿವೆ. ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ 1994ರಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆ ಕಟ್ಟಿದರು, ಡಬ್ಲ್ಯೂ3ಸಿ ಅಂತ. ಈ ಪುಟ ಇಂಥದ್ದೇ ಬ್ರೌಸರ್‌ನಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಫಲಕ ಹಾಕೋರನ್ನ ಅವರು 1996ರಲ್ಲೇ ಟೀಕಿಸಿದ್ದರು. ಯಾವ ಇಂಜಿನ್ ಇದ್ದರೂ ಪುಟ ತೆರೀಬೇಕು, ಅದು ವೆಬ್‌ನ ಮೂಲ ಒಪ್ಪಂದ. ಆ ಒಪ್ಪಂದ ಮುರಿದರೆ ಏನಾಗುತ್ತೆ ಅನ್ನೋದಕ್ಕೆ ಎರಡು ಕಥೆ ಹೇಳ್ತೀನಿ.

ಮೊದಲನೆಯದು ದಕ್ಷಿಣ ಕೊರಿಯಾದ್ದು. ವೇಗದ ಇಂಟರ್‌ನೆಟ್‌ಗೆ ಜಗತ್ತಿನಲ್ಲೇ ಹೆಸರಾದ ದೇಶ. 1990ರ ದಶಕದಲ್ಲಿ ಬಲವಾದ ಗೂಢಲಿಪಿ ತಂತ್ರಜ್ಞಾನ ಹೊರದೇಶಕ್ಕೆ ಕೊಡಬಾರದು ಅಂತ ಅಮೆರಿಕ ನಿರ್ಬಂಧ ಹಾಕಿತ್ತು. ಕೊರಿಯಾದವರು ಸುಮ್ಮನೆ ಕೂರಲಿಲ್ಲ, ಸೀಡ್ ಅಂತ ತಮ್ಮದೇ ಗೂಢಲಿಪಿ ಮಾಡ್ಕೊಂಡರು. ಒಳ್ಳೇದೇ. ಆದರೆ ಅದನ್ನ ಬ್ರೌಸರ್‌ಗೆ ಜೋಡಿಸಿದ್ದು ಆಕ್ಟಿವ್‌ಎಕ್ಸ್ ಮೂಲಕ. ಆಕ್ಟಿವ್‌ಎಕ್ಸ್ ನಡೀತಿದ್ದದ್ದು ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ! ಬ್ಯಾಂಕ್ ವ್ಯವಹಾರ, ತೆರಿಗೆ, ಆನ್‌ಲೈನ್ ಖರೀದಿ, ಎಲ್ಲ ಆ ಒಂದೇ ಬಾಗಿಲಲ್ಲಿ. ಬೇರೆ ಬ್ರೌಸರ್ ಇಟ್ಟುಕೊಂಡವರು ಹೊರಗೆ.

ಹದಿನೈದು ವರ್ಷ ಹೀಗೇ ನಡೀತು. ಕೊನೆಗೆ ಕಣ್ಣು ತೆರೆಸಿದ್ದು ಯಾವುದು ಗೊತ್ತಾ? ಒಂದು ಕೋಟು! ಕೊರಿಯಾದ ಒಂದು ಟಿವಿ ಧಾರಾವಾಹಿ ಚೀನಾದಲ್ಲಿ ಭಾರಿ ಜನಪ್ರಿಯ ಆಯ್ತು. ನಾಯಕಿ ಹಾಕಿದ್ದ ಕೋಟು ಕೊಳ್ಳೋಕೆ ಅಭಿಮಾನಿಗಳು ಕೊರಿಯಾದ ಜಾಲತಾಣಗಳಿಗೆ ಬಂದರು. ಕೈಯಲ್ಲಿ ದುಡ್ಡಿದೆ, ಅಂಗಡಿಯಲ್ಲಿ ಕೋಟಿದೆ, ಹಣ ಕಟ್ಟೋಕೆ ಆಗ್ತಿಲ್ಲ. 2014ರ ಮಾರ್ಚ್‌ನಲ್ಲಿ ಆಗಿನ ಅಧ್ಯಕ್ಷೆ ಪಾರ್ಕ್ ಗ್ಯುನ್-ಹೆ ಸಭೆಯಲ್ಲಿ ಈ ಕೋಟಿನ ವಿಷಯವನ್ನೇ ಎತ್ತಿದರು. ಆಮೇಲೆ ನಿಯಮ ಸಡಿಲ ಆಗೋಕೆ ಶುರುವಾಯ್ತು. ಆ ಹಳೇ ಪ್ರಮಾಣಪತ್ರ ಪದ್ಧತಿ ಪೂರ್ತಿ ಹೋಗಿದ್ದು 2020ರ ಡಿಸೆಂಬರ್‌ನಲ್ಲಿ. ನೋಡಿ, ಸ್ವಂತ ದೇಶದ ಜನ ಅಷ್ಟು ವರ್ಷ ಪಟ್ಟ ಪಾಡಿಗೆ ಕೇಳಿಸದ ಕಿವಿ, ವ್ಯಾಪಾರ ಕೈತಪ್ಪಿದಾಗ ಕೇಳಿಸ್ತು!

ಎರಡನೇ ಕಥೆ ನಮ್ಮದೇ. ಕನ್ನಡದ್ದು. ಇಪ್ಪತ್ತು-ಇಪ್ಪತ್ತೈದು ವರ್ಷದ ಹಿಂದೆ ಇಂಟರ್‌ನೆಟ್‌ನಲ್ಲಿ ಕನ್ನಡ ಓದ್ತಿದ್ದವರಿಗೆ ನೆನಪಿರುತ್ತೆ. ಅಮೆರಿಕದಲ್ಲೋ ದುಬೈನಲ್ಲೋ ಕೂತು ಊರಿನ ಸುದ್ದಿ ಓದೋಣ ಅಂತ ಪತ್ರಿಕೆಯ ಜಾಲತಾಣ ತೆರೆದರೆ ಕನ್ನಡದ ಬದಲು ಎ, ಬಿ, ಸಿ, ಡಿ ಜೊತೆ ಚುಕ್ಕೆ, ಕೊಂಬು, ಗೀಚು. ಯಾಕೆ? ಆಗ ಹಲವು ತಾಣಗಳಲ್ಲಿ ಯುನಿಕೋಡ್ ಇರಲಿಲ್ಲ. ಒಬ್ಬೊಬ್ಬರದ್ದು ಒಂದೊಂದು ಫಾಂಟ್. ಪುಟದ ಜೊತೆ ಫಾಂಟೂ ತಾನಾಗೇ ಇಳಿದು ಬರೋ ಒಂದು ವ್ಯವಸ್ಥೆ ಮೈಕ್ರೋಸಾಫ್ಟ್ ಮಾಡಿತ್ತು. ಅದು ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಕೆಲಸ ಮಾಡ್ತಿತ್ತು. ಎಕ್ಸ್‌ಪ್ಲೋರರ್ ಇದ್ದವನಿಗೆ ಕನ್ನಡ, ಇಲ್ಲದವನಿಗೆ ಗೀಚು. ನಮ್ಮ ಭಾಷೆ ಓದೋಕೆ ಒಂದು ಕಂಪನಿಯ ಬ್ರೌಸರ್ ಬೇಕಿತ್ತು! ಪತ್ರಿಕೆಗಳು ಒಂದೊಂದಾಗಿ ಯುನಿಕೋಡ್‌ಗೆ ಬಂದವು, ರೋಗ ವಾಸಿ ಆಯ್ತು. ಇವತ್ತು ಯಾವ ಫೋನಿನಲ್ಲಾದರೂ, ಯಾವ ಬ್ರೌಸರ್‌ನಲ್ಲಾದರೂ ಕನ್ನಡ ಕನ್ನಡವಾಗೇ ಕಾಣುತ್ತೆ ಅಂದರೆ ಅದು ಯಾವುದೋ ಒಂದು ಬ್ರೌಸರ್ ಗೆದ್ದಿದ್ದಕ್ಕಲ್ಲ. ಎಲ್ಲರೂ ಒಂದೇ ನಿಯಮ ಒಪ್ಪಿಕೊಂಡಿದ್ದಕ್ಕೆ.

ಆ ಎಕ್ಸ್‌ಪ್ಲೋರರ್ ಏನಾಯ್ತು? ಒಂದು ಕಾಲದಲ್ಲಿ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಜನ ಅದನ್ನೇ ಬಳಸ್ತಿದ್ದರು. ವಿಂಡೋಸ್ ಜೊತೆ ಕಟ್ಟಿ ಕೊಟ್ಟು ನೆಟ್‌ಸ್ಕೇಪ್ ಅನ್ನೋ ಎದುರಾಳಿಯನ್ನ ಮುಗಿಸಿದರು ಅಂತ ಅಮೆರಿಕ ಸರ್ಕಾರವೇ 1998ರಲ್ಲಿ ಕೋರ್ಟಿಗೆ ಹೋಯ್ತು. ಗೆದ್ದವನಿಗೆ ಸೋಮಾರಿತನ ಬಂತು. ಆರನೇ ಆವೃತ್ತಿ ಬಂದಿದ್ದು 2001ರಲ್ಲಿ, ಏಳನೆಯದು 2006ರಲ್ಲಿ. ಐದು ವರ್ಷ ಗ್ಯಾಪ್! ಆ ನಡುವೆ 2004ರಲ್ಲಿ ಫೈರ್‌ಫಾಕ್ಸ್ ಬಂತು, ಆಮೇಲೆ 2008ರಲ್ಲಿ ಕ್ರೋಮ್ ಬಂತು. 2022ರ ಜೂನ್ 15ಕ್ಕೆ ಎಕ್ಸ್‌ಪ್ಲೋರರ್‌ಗೆ ಮೈಕ್ರೋಸಾಫ್ಟೇ ವಿದಾಯ ಹೇಳಿತು. ಅದನ್ನೇ ನಂಬಿ ಸೈಟು ಕಟ್ಟಿದ್ದವರು? ಬೀದಿಗೆ ಬಂದರು. ಅವರಿಗೋಸ್ಕರ ಎಡ್ಜ್ ಒಳಗೇ ಐಇ ಮೋಡ್ ಅಂತ ಒಂದು ಹಳೇ ಕೋಣೆ ಉಳಿಸಿಟ್ಟಿದ್ದಾರೆ.

ಈಗ ಇವತ್ತಿಗೆ ಬನ್ನಿ. ಜಗತ್ತಿನ ಬಳಕೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕ್ರೋಮ್‌ದು. ಸೈಟು ಕಟ್ಟೋ ಗುತ್ತಿಗೆದಾರ ಏನು ಮಾಡ್ತಾನೆ? ಕ್ರೋಮ್‌ನಲ್ಲಿ ನೋಡ್ತಾನೆ, ತೆರೀತು, ಬಿಲ್ ಕಳಿಸ್ತಾನೆ. ಫೈರ್‌ಫಾಕ್ಸ್‌ನಲ್ಲಿ, ಸಫಾರಿಯಲ್ಲಿ ನೋಡಿದನಾ? ಹಳೇ ಮೊಬೈಲಿನಲ್ಲಿ ನೋಡಿದನಾ? ಯಾರು ಕೇಳ್ತಾರೆ ಸ್ವಾಮಿ! ಕಾಲು ಶತಮಾನದ ಹಿಂದೆ "ಎಕ್ಸ್‌ಪ್ಲೋರರ್‌ನಲ್ಲಿ ನೋಡಿ" ಅಂತಿದ್ದ ಬೋರ್ಡ್ ಈಗ "ಕ್ರೋಮ್‌ನಲ್ಲಿ ನೋಡಿ" ಅಂತ ಆಗಿದೆ. ಹೆಸರು ಬದಲಾಗಿದೆ, ಬುದ್ಧಿ ಬದಲಾಗಿಲ್ಲ. ಅಮೆರಿಕದಲ್ಲಿ ಕ್ರೋಮ್ ಮಾರಿಸಿ ಅಂತ ಅಲ್ಲಿನ ಸರ್ಕಾರ ಕೇಳಿತ್ತು. ನ್ಯಾಯಾಧೀಶ ಅಮಿತ್ ಮೆಹ್ತಾ 2025ರ ಸೆಪ್ಟೆಂಬರ್‌ನಲ್ಲಿ ಅದನ್ನ ಒಪ್ಪಲಿಲ್ಲ. ಅಂದರೆ ಕೋರ್ಟು ಬಂದು ಈ ಸಮಸ್ಯೆ ಬಗೆಹರಿಸುತ್ತೆ ಅಂತ ಕಾಯೋ ಹಾಗಿಲ್ಲ.

ಸರಿ, ಕೊನೆಯ ದಿನಾಂಕ ಎದುರಿಗಿದೆ, ನಾವೇನು ಮಾಡಬೇಕು? ತತ್ವ ಆಮೇಲೆ, ಮೊದಲು ಕೆಲಸ ಆಗಲಿ. ಹೇಳ್ತೀನಿ, ಬರ್ಕೊಳ್ಳಿ.

ಒಂದು. ಬ್ರೌಸರ್ ಬದಲಿಸೋ ಮೊದಲು ಇನ್‌ಕಾಗ್ನಿಟೊ ಅಥವಾ ಪ್ರೈವೇಟ್ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ಸರಿಯಾಗಿ ಬಂದರೆ ಸೈಟು ಸರಿ ಇದೆ, ನಿಮ್ಮ ಬ್ರೌಸರ್‌ನಲ್ಲಿ ಉಳಿದಿರೋ ಹಳೇ ಕುಕೀ ಅಥವಾ ನೀವು ಹಾಕ್ಕೊಂಡಿರೋ ಎಕ್ಸ್‌ಟೆನ್ಷನ್ ಅಡ್ಡ ಬರ್ತಿದೆ ಅಂತ ಅರ್ಥ.

ಎರಡು. ರಸೀದಿ ಬರ್ತಿಲ್ಲ, ಹಣ ಕಟ್ಟೋ ಪುಟ ತೆರೀತಿಲ್ಲ ಅಂದರೆ ವಿಳಾಸದ ಪಟ್ಟಿಯ ತುದಿ ನೋಡಿ. ಪಾಪ್-ಅಪ್ ತಡೆದಿದ್ದೇವೆ ಅಂತ ಪುಟ್ಟ ಗುರುತು ಇರುತ್ತೆ. ಆ ಒಂದು ಸೈಟಿಗೆ ಮಾತ್ರ ಅನುಮತಿ ಕೊಡಿ. ಜಾಹೀರಾತು ತಡೆಯೋ ಎಕ್ಸ್‌ಟೆನ್ಷನ್ ಇದ್ದರೆ ಅದನ್ನೂ ಆ ಸೈಟಿಗೆ ಮಾತ್ರ ನಿಲ್ಲಿಸಿ ನೋಡಿ.

ಮೂರು. ಬ್ರೌಸರ್ ಬದಲಿಸೋದಾದರೆ ಇಂಜಿನ್ ಬದಲಿಸಿ. ಕ್ರೋಮ್‌ನಲ್ಲಿ ಪುಟವೇ ಸರಿಯಾಗಿ ಮೂಡದಿದ್ದರೆ ಎಡ್ಜ್‌ಗೆ ಹೋಗಿ ದೊಡ್ಡ ಲಾಭ ಇಲ್ಲ, ಇಂಜಿನ್ ಅದೇ. ಫೈರ್‌ಫಾಕ್ಸ್‌ನಲ್ಲಿ ನೋಡಿ. ಫೈರ್‌ಫಾಕ್ಸ್‌ನಲ್ಲಿ ಆಗದಿದ್ದರೆ ಕ್ರೋಮ್ ಅಥವಾ ಎಡ್ಜ್. ಕಂಪ್ಯೂಟರ್‌ನಲ್ಲಿ ಎರಡು ಇಂಜಿನ್‌ನ ಎರಡು ಬ್ರೌಸರ್ ಇರಲಿ, ದುಡ್ಡೇನೂ ಕೊಡಬೇಕಿಲ್ಲ. ಐಫೋನ್ ಇರೋರಿಗೆ ಒಂದು ಮಾತು: ನಮ್ಮಲ್ಲಿ ಐಫೋನಿನ ಕ್ರೋಮ್ ಒಳಗೂ ಓಡೋದು ಆಪಲ್‌ನ ವೆಬ್‌ಕಿಟ್ಟೇ. ಸಫಾರಿಯಲ್ಲಿ ಆಗದ್ದು ಅಲ್ಲೂ ಆಗದೇ ಇರಬಹುದು. ಅಂಥ ಹೊತ್ತಿನಲ್ಲಿ ಕಂಪ್ಯೂಟರ್‌ಗೆ ಹೋಗಿ.

ನಾಲ್ಕು. ಕಂಪ್ಯೂಟರ್ ಹಳೇದಾ ನೋಡಿ. ವಿಂಡೋಸ್ 7 ಇದ್ದರೆ ಅದಕ್ಕೆ ಬಂದ ಕೊನೆಯ ಕ್ರೋಮ್ 109ನೇ ಆವೃತ್ತಿ, 2023ರದ್ದು. ಹೊಸ ಸೈಟು ಹಳೇ ಬ್ರೌಸರ್‌ನಲ್ಲಿ ಮುಗ್ಗರಿಸೋದು ಸಹಜ. ಸುರಕ್ಷತೆಯೂ ಇಲ್ಲ. ತಾರೀಖು, ಸಮಯ ತಪ್ಪಾಗಿದ್ದರೂ "ಈ ಸೈಟು ಸುರಕ್ಷಿತ ಅಲ್ಲ" ಅಂತ ಬರುತ್ತೆ, ಅದನ್ನ ಸರಿ ಮಾಡಿ ನೋಡಿ. ಸಮಯ ಸರಿ ಇದ್ದೂ ಆ ಎಚ್ಚರಿಕೆ ಬಂದರೆ ಪಾಸ್‌ವರ್ಡ್ ಹಾಕಬೇಡಿ, ಕಾರ್ಡ್ ನಂಬರ್ ಹಾಕಬೇಡಿ.

ಐದು, ಇದು ಬಹಳ ಮುಖ್ಯ. ಹಣ ಕಟ್ಟುವಾಗ ಚಕ್ರ ತಿರುಗಿ ನಿಂತರೆ ಗಾಬರಿಯಾಗಿ ಮತ್ತೆ ಒತ್ತಬೇಡಿ. ಬ್ಯಾಂಕಿನ ಖಾತೆಯಲ್ಲಿ ಹಣ ಹೋಗಿದೆಯಾ ಅಂತ ಮೊದಲು ನೋಡಿ. ಇನ್ನೂ ಒಂದಿದೆ. "ನಿಮ್ಮ ಬ್ರೌಸರ್ ಹಳೇದು, ಇಲ್ಲಿ ಒತ್ತಿ ಅಪ್‌ಡೇಟ್ ಮಾಡಿ" ಅಂತ ಯಾವುದೋ ಪುಟ ಹೇಳಿದರೆ ಒತ್ತಬೇಡಿ. ವಂಚಕರು ಬಲೆ ಬೀಸೋ ಜಾಗ ಅದು. ಅಪ್‌ಡೇಟ್ ಬೇಕಿದ್ದರೆ ಬ್ರೌಸರ್‌ನ ಸೆಟ್ಟಿಂಗ್ಸ್‌ಗೆ ನೀವೇ ಹೋಗಿ ಮಾಡಿ.

ಇಷ್ಟು ಮಾಡಿದರೆ ಬಹುತೇಕ ಸಲ ದಾರಿ ಸಿಗುತ್ತೆ. ಆದರೆ ದಾರಿ ಸಿಕ್ಕಿತು ಅಂತ ಪ್ರಶ್ನೆ ಮುಗೀತಾ? ಇಲ್ಲ.

ಇದನ್ನೆಲ್ಲ ತಿಳ್ಕೊಂಡು, ಎರಡು ಬ್ರೌಸರ್ ಹಾಕ್ಕೊಂಡು, ಕೂತು ಪ್ರಯೋಗ ಮಾಡೋಕೆ ನಿಮಗೆ ಸಮಯ ಇದೆ, ಕಂಪ್ಯೂಟರ್ ಇದೆ. ಒಂದು ದಿನದ ಕೂಲಿ ಬಿಟ್ಟು ಹೋಬಳಿಗೆ ಬಂದ ಹೆಣ್ಣುಮಗಳಿಗೆ ಏನಿದೆ? ಅವಳಿಗೆ ಬ್ರೌಸರ್ ಅನ್ನೋ ಪದವೇ ಬೇಕಿಲ್ಲ. ಅವಳಿಗೆ ಬೇಕಿರೋದು ಅರ್ಜಿ ಹೋಯ್ತು ಅನ್ನೋ ಒಂದು ರಸೀದಿ. "ನಾಳೆ ಬನ್ನಿ ಅಮ್ಮಾ, ಸೈಟು ಓಪನ್ ಆಗ್ತಿಲ್ಲ" ಅಂದರೆ ಅವಳಿಗೆ ಇನ್ನೊಂದು ದಿನದ ಕೂಲಿ ಹೋಯ್ತು. ಸೈಟು ಕಟ್ಟಿದವನಿಗೆ? ಬಿಲ್ ಯಾವಾಗಲೋ ಪಾಸ್ ಆಗಿದೆ.

ನಿಯಮ ಇಲ್ಲ ಅಂತಲ್ಲ. ಸರ್ಕಾರಿ ಜಾಲತಾಣ ಹೇಗಿರಬೇಕು ಅಂತ ಕೇಂದ್ರ ಸರ್ಕಾರ 2009ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಬೇರೆ ಬೇರೆ ಬ್ರೌಸರ್‌ಗಳಲ್ಲಿ ಪರೀಕ್ಷೆ ಮಾಡಿ ಅಂತ ಅದರಲ್ಲಿದೆ. 2010ರಲ್ಲಿ ಇ-ಆಡಳಿತಕ್ಕೆ ಮುಕ್ತ ಮಾನದಂಡಗಳ ನೀತಿಯೂ ಬಂತು. ಕಾಗದ ಚೆನ್ನಾಗಿದೆ. ಕಾಗದದಲ್ಲಿ ಇರೋದು ಪರದೆ ಮೇಲೆ ಬರಬೇಕಲ್ಲ! ರಸ್ತೆ ಕಟ್ಟಿದವನಿಗೆ ಬಿಲ್ ಕೊಡೋ ಮೊದಲು ಇಂಜಿನಿಯರ್ ಬಂದು ಅಳತೆ ನೋಡ್ತಾನೆ. ಸೈಟು ಕಟ್ಟಿದವನಿಗೆ ಬಿಲ್ ಕೊಡೋ ಮೊದಲು ಮೂರು ಇಂಜಿನ್‌ನಲ್ಲೂ, ಒಂದು ಅಗ್ಗದ ಮೊಬೈಲಿನಲ್ಲೂ ಅರ್ಜಿಯನ್ನ ಮೊದಲಿಂದ ಕೊನೆವರೆಗೆ ತುಂಬಿ ನೋಡಲಿ. ಒಂದು ಮಧ್ಯಾಹ್ನದ ಕೆಲಸ. ಕೊನೆಯ ದಿನ ಸೈಟು ಕೈಕೊಟ್ಟರೆ ಕೊನೆಯ ದಿನವನ್ನ ಮುಂದಕ್ಕೆ ಹಾಕಲಿ. ಇದು ಭಿಕ್ಷೆ ಅಲ್ಲ, ನ್ಯಾಯ.

ನಮ್ಮ ಕೆಲಸವೂ ಒಂದಿದೆ. ಸೈಟು ತೆರೆಯದಿದ್ದಾಗ ಬೈದು ಸುಮ್ಮನಾಗಬೇಡಿ. ಸ್ಕ್ರೀನ್‌ಶಾಟ್ ತೆಗೀರಿ. ದಿನಾಂಕ, ಸಮಯ, ಬ್ರೌಸರ್ ಹೆಸರು, ಆವೃತ್ತಿ, ಯಾವ ಪುಟದಲ್ಲಿ ನಿಂತಿತು ಅನ್ನೋದನ್ನ ಬರೆದು ಅವರ ಸಹಾಯವಾಣಿಗೆ ಕಳಿಸಿ, ದೂರಿನ ಸಂಖ್ಯೆ ಇಟ್ಟುಕೊಳ್ಳಿ. "ಸೈಟು ಸರಿ ಇಲ್ಲ" ಅಂತ ನೂರು ಜನ ಹೇಳಿದರೆ ಯಾರಿಗೂ ಕೇಳಿಸಲ್ಲ. ಇಂಥ ಪುಟ, ಇಂಥ ಬಟನ್, ಇಂಥ ಬ್ರೌಸರ್ ಅಂತ ಹತ್ತು ಜನ ಬರೆದರೆ ರಿಪೇರಿ ಮಾಡೋನಿಗೂ ದಾರಿ ಗೊತ್ತಾಗುತ್ತೆ, ತಪ್ಪಿಸಿಕೊಳ್ಳೋನಿಗೂ ದಾರಿ ಇರಲ್ಲ.

ಯಾವ ಬ್ರೌಸರ್ ಒಳ್ಳೇದು ಅಂತ ನೀವು ನನ್ನ ಕೇಳಬಹುದು. ನಿಮಗೆ ಇಷ್ಟ ಆಗಿದ್ದು ಒಳ್ಳೇದು. ಅದನ್ನ ಆರಿಸೋ ಹಕ್ಕು ನಿಮ್ಮದು. ಯಾವುದನ್ನ ಆರಿಸಿದರೂ ಬಾಗಿಲು ತೆರೆಯೋ ಜವಾಬ್ದಾರಿ ಮಾತ್ರ ಅವರದ್ದು.